ಎಣ್ಣೆ ಡಬ್ಬ ತೂಗಿದ ಮೇಲೆ

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕ ತೂಕ ಇಳಿಸುವ ವೇಟ್ ವಾಚರ್ಸ್ ಕಂಪನಿಯ ಪ್ರೋಗ್ರಾಂ ಸೇರಿ, ಪಾಯಿಂಟ್ ಲೆಕ್ಕದಲ್ಲಿ 9 ಕೆಜಿ ಇಳಿದಳು. ತಿನ್ನುವ ಒಂದೊಂದಕ್ಕೂ ಇಷ್ಟು ಪಾಯಿಂಟ್, ದಿನಕ್ಕೆ ಇಷ್ಟೇ ಪಾಯಿಂಟ್ ಅನ್ನುವ ಲೆಕ್ಕ ಅದು. ನಾನು ಮೈಸೂರಿನಲ್ಲಿ ಕ್ಯಾಲೊರಿ ಲೆಕ್ಕ ಬರೆದು 11 ತಿಂಗಳಲ್ಲಿ 8 ಕೆಜಿ ಇಳಿದೆ. ಎರಡರಲ್ಲಿ ಯಾವುದು ಒಳ್ಳೇದು ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮ ಅಡುಗೆಗೆ ಕ್ಯಾಲೊರಿ ಲೆಕ್ಕವೇ ಸರಿ ಅನ್ನುವವಳು ನಾನು. ಆದರೆ ಅಕ್ಕನ ಪ್ರೋಗ್ರಾಂನಲ್ಲಿ ಪಾಯಿಂಟಿಗಿಂತ ದೊಡ್ಡದು ಒಂದಿದೆ. ಅದನ್ನು ನಾನೂ ತಗೊಂಡಿದ್ದೇನೆ.

ಮೊದಲು ಲೆಕ್ಕದ ಮಾತು. ಕ್ಯಾಲೊರಿ ಎಲ್ಲರಿಗೂ ಒಂದೇ. ಒಂದು ಗ್ರಾಂ ಕೊಬ್ಬಿಗೆ 9, ಪಿಷ್ಟಕ್ಕೆ 4, ಪ್ರೋಟೀನಿಗೆ 4. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಆಟ್‌ವಾಟರ್ ಅನ್ನುವ ವಿಜ್ಞಾನಿ ಹಾಕಿಕೊಟ್ಟ ಲೆಕ್ಕ ಇದು. ಅಂಗಡಿಯ ಬಿಸ್ಕತ್ ಪೊಟ್ಟಣದ ಹಿಂದೆಯೂ ಇದನ್ನೇ ಬರೆದಿರುತ್ತಾರೆ. ಯಾರಿಗೂ ದುಡ್ಡು ಕೊಡಬೇಕಿಲ್ಲ.

ಪಾಯಿಂಟ್ ಹಾಗಲ್ಲ. ವೇಟ್ ವಾಚರ್ಸ್‌ನವರು ಅಮೆರಿಕದಲ್ಲಿ 1997ರಲ್ಲಿ ತಂದಾಗ ಅದು ಸುಮಾರು 50 ಕ್ಯಾಲೊರಿಗೆ ಒಂದು ಪಾಯಿಂಟ್. ಕೊಬ್ಬಿದ್ದರೆ ಸ್ವಲ್ಪ ಕೂಡಿಸುವುದು, ನಾರಿದ್ದರೆ ಸ್ವಲ್ಪ ಕಳೆಯುವುದು. 2010ರಲ್ಲಿ ಆ ಸೂತ್ರ ಬದಲಾಯಿತು, ಹಣ್ಣಿಗೆಲ್ಲ ಸೊನ್ನೆ ಬಂತು. 2015ರಲ್ಲಿ ಮತ್ತೆ ಬದಲಾಗಿ ಸಕ್ಕರೆಗೂ ಸ್ಯಾಚುರೇಟೆಡ್ ಕೊಬ್ಬಿಗೂ (ತುಪ್ಪ, ಬೆಣ್ಣೆಯಲ್ಲಿ ಇರುವಂಥದ್ದು) ಪಾಯಿಂಟ್ ಏರಿತು. 2017ರ ಕೊನೆಗೆ ಮೊಟ್ಟೆ, ಮೀನು, ಬೇಳೆಕಾಳು ಕೂಡ ಸೊನ್ನೆಯ ಪಟ್ಟಿಗೆ ಸೇರಿದವು. ಇದರಲ್ಲಿ ಅರ್ಥ ಇಲ್ಲ ಅಂತ ನಾನು ಹೇಳುವುದಿಲ್ಲ. 100 ಕ್ಯಾಲೊರಿಯ ಸಕ್ಕರೆ ಬೇರೆ, 100 ಕ್ಯಾಲೊರಿಯ ಹೆಸರುಕಾಳು ಬೇರೆ. ಕಾಳು ತಿಂದರೆ ಹೊಟ್ಟೆ ತುಂಬುತ್ತದೆ. ಜನ ಆ ಕಡೆ ತಿರುಗಲಿ ಅಂತಲೇ ಸೊನ್ನೆ ಇಟ್ಟಿದ್ದಾರೆ.

ಆದರೆ ನಮ್ಮ ಮನೆಗಳಲ್ಲಿ ಬೇಳೆ ದಿನಾ ಇರುವ ಪದಾರ್ಥ ಅಲ್ವಾ? "ಬೇಳೆಗೆ ಸೊನ್ನೆ ಕಣೇ, ತೊವ್ವೆ ಎಷ್ಟು ಬೇಕಾದ್ರೂ ಹಾಕ್ಕೋಬಹುದು" ಅಂದಳು ಅಕ್ಕ ಒಂದು ಸಲ ಫೋನಿನಲ್ಲಿ. 100 ಗ್ರಾಂ ತೊಗರಿಬೇಳೆಯಲ್ಲಿ 330 ಕ್ಯಾಲೊರಿಯ ಆಸುಪಾಸು ಇದೆ. ಹೆಚ್ಚು ಕಡಿಮೆ ಅಷ್ಟೇ ತೂಕದ ಅಕ್ಕಿಯಲ್ಲಿರುವಷ್ಟು. ಅದರ ಜೊತೆಗೆ ಅನ್ನ, ಮೇಲೊಂದು ಚಮಚ ತುಪ್ಪ. ಸೊನ್ನೆ ಅಂದುಕೊಂಡು ಬಡಿಸಿಕೊಳ್ಳುವ ಕೈ ನಿಲ್ಲುವುದಿಲ್ಲ. ತೆಂಗಿನಕಾಯಿಗೆ ಇದರ ಉಲ್ಟಾ. ಅದರ ಕೊಬ್ಬು ಬಹುಪಾಲು ಸ್ಯಾಚುರೇಟೆಡ್. ಹಾಗಾಗಿ ಚಟ್ನಿ ಮಾಡಿದ ದಿನ ಅಕ್ಕನ ಪಾಯಿಂಟ್ ಬೆಳಿಗ್ಗೆಯೇ ಖರ್ಚಾಗುತ್ತಿತ್ತು. ಕಾಯಿಯಲ್ಲಿ ಕ್ಯಾಲೊರಿ ಕಮ್ಮಿಯೇನಲ್ಲ, 100 ಗ್ರಾಂ ಹಸಿ ತುರಿಗೆ 350ರಿಂದ 400. ಆದರೆ ಆ ಸಂಖ್ಯೆ ಕಣ್ಣೆದುರು ಇದ್ದರೆ ಎರಡು ಚಮಚ ತುರಿ ಹಾಕೋಣ, ಉಳಿದಿದ್ದಕ್ಕೆ ಹುರಿಗಡಲೆ ಹಾಕೋಣ ಅಂತ ನಾವೇ ತೀರ್ಮಾನ ಮಾಡಬಹುದು. ಪಾಯಿಂಟ್ ಆದರೆ ತೀರ್ಮಾನ ಮೊದಲೇ ಬೇರೆಯವರು ಮಾಡಿ ಕೊಟ್ಟಿರುತ್ತಾರೆ.

ಕ್ಯಾಲೊರಿ ಲೆಕ್ಕ ತಲೆನೋವು ಅನ್ನುವವರು ಸಾಮಾನ್ಯವಾಗಿ ತಟ್ಟೆಯಿಂದ ಶುರು ಮಾಡಿರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಫೋನಿನ ಒಂದು ಆ್ಯಪ್‌ನಲ್ಲಿ "ರಾಗಿ ಮುದ್ದೆ 1" ಅಂತ ಹುಡುಕಿದರೆ ನಾಲ್ಕು ಥರದ ಸಂಖ್ಯೆ ಬಂತು. ಬರದೆ ಇನ್ನೇನು? ಮಂಡ್ಯದ ಮುದ್ದೆ, ನಮ್ಮ ಮನೆಯ ಮುದ್ದೆ ಒಂದೇ ಗಾತ್ರವೇ? ಆಮೇಲೆ ಹಿಟ್ಟನ್ನೇ ತೂಗಿದೆ. 400 ಗ್ರಾಂ ಹಿಟ್ಟಿಗೆ ಐದು ಮುದ್ದೆ. ಒಂದಕ್ಕೆ 80 ಗ್ರಾಂ, ಅಂದರೆ ಸುಮಾರು 260 ಕ್ಯಾಲೊರಿ. ನೀರಿಗೆ ಕ್ಯಾಲೊರಿ ಇಲ್ಲ, ಬೆಂದ ಮೇಲೆ ಎಷ್ಟು ತೂಗಿದರೂ ವ್ಯತ್ಯಾಸ ಇಲ್ಲ.

ಹುಳಿಯನ್ನೂ ಪಾತ್ರೆಯ ಲೆಕ್ಕದಲ್ಲೇ ಮಾಡಿದೆ. ಬೇಳೆ 150 ಗ್ರಾಂ, ಕಾಯಿತುರಿ 60 ಗ್ರಾಂ, ಒಗ್ಗರಣೆಗೆ ಎರಡು ಚಿಕ್ಕ ಚಮಚ ಎಣ್ಣೆ, ತರಕಾರಿ. ಒಟ್ಟು ಸುಮಾರು 930. ಪಾತ್ರೆಯಲ್ಲಿ 12 ಸೌಟು ಹುಳಿ. ಸೌಟಿಗೆ 80 ಕೂಡ ಆಗಲಿಲ್ಲ. ಇಷ್ಟು ವರ್ಷ ಹುಳಿಗೆ ಹೆದರಿಕೊಂಡು ಬರೀ ತಿಳಿಸಾರು ಉಣ್ಣುತ್ತಿದ್ದೆ ನಾನು!

ಹಾಗಾದರೆ ತೂಕ ಎಲ್ಲಿಂದ ಬರುತ್ತಿತ್ತು? ಒಂದು ತಿಂಗಳು ಎಣ್ಣೆ ಡಬ್ಬವನ್ನು ತೂಗಿದೆ. ಒಂದನೇ ತಾರೀಖು ಒಮ್ಮೆ, ತಿಂಗಳ ಕೊನೆಗೆ ಒಮ್ಮೆ. ನಾಲ್ಕು ಜನರ ಮನೆಗೆ 5 ಲೀಟರ್ ಪೂರ್ತಿ ಖಾಲಿ. ಲೀಟರಿಗೆ ಸುಮಾರು 910 ಗ್ರಾಂ. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ. ಯಾರ ತಟ್ಟೆಯಲ್ಲೂ ಎಣ್ಣೆ ಅಂತ ಬೇರೆ ಕಾಣಿಸುವುದಿಲ್ಲ. ಒಗ್ಗರಣೆ, ಪಲ್ಯ, ದೋಸೆ ಕಾವಲಿ, ಭಾನುವಾರದ ಪೂರಿ, ಹೀಗೆ ಹಂಚಿಹೋಗಿರುತ್ತದೆ. ಡಬ್ಬದಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಹಾಕಲು ಶುರು ಮಾಡಿದೆ. ಎರಡು ತಿಂಗಳಲ್ಲಿ ಖರ್ಚು ತಿಂಗಳಿಗೆ 3 ಲೀಟರಿಗೆ ಇಳಿಯಿತು. ಒಬ್ಬರಿಗೆ ದಿನಕ್ಕೆ 135 ಕ್ಯಾಲೊರಿ ಉಳಿತಾಯ. ಮನೆಯಲ್ಲಿ ಯಾರೂ ರುಚಿ ಕೆಟ್ಟಿದೆ ಅನ್ನಲಿಲ್ಲ.

ಈ ಲೆಕ್ಕವನ್ನೆಲ್ಲ ಒಂದು ಪುಸ್ತಕದಲ್ಲಿ ಮೂರು ತಿಂಗಳು ಬರೆದಿಟ್ಟೆ, ಆಮೇಲೆ ಬಿಟ್ಟೆ. ಅಷ್ಟರಲ್ಲಿ ಕಣ್ಣಿಗೆ ಅಳತೆ ಬಂದಿತ್ತು. ಒಂದು ಎಚ್ಚರಿಕೆ. ನನ್ನ ಮಗಳಿಗೆ 19. ಅವಳ ಕೈಗೆ ಈ ಪುಸ್ತಕ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆ ವಯಸ್ಸಿನ ಹುಡುಗಿಯರು ಸಂಖ್ಯೆ ಹಿಡಿದುಕೊಂಡು ಊಟ ಬಿಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಮ್ಮಿ ಮಾಡಬೇಡಿ.

ಈಗ ಅಕ್ಕನಿಂದ ತಗೊಂಡಿದ್ದು. ಆ ಕಂಪನಿ ಹುಟ್ಟಿದ್ದು 1963ರಲ್ಲಿ. ಪಾಯಿಂಟ್ ಬಂದದ್ದು 1997ರಲ್ಲಿ. ಮಧ್ಯೆ 34 ವರ್ಷ ಪಾಯಿಂಟೇ ಇಲ್ಲದೆ ಲಕ್ಷಾಂತರ ಜನ ಹೋಗಿ ಬಂದರು. ಹೇಗೆ? ಜೀನ್ ನೈಡೆಚ್ ಅನ್ನುವ ನ್ಯೂಯಾರ್ಕಿನ ಗೃಹಿಣಿ ಸರ್ಕಾರಿ ಕ್ಲಿನಿಕ್ಕಿನಲ್ಲಿ ಕೊಟ್ಟ ಪಥ್ಯದ ಚೀಟಿ ಹಿಡಿದು ಮನೆಗೆ ಬಂದರು. ಆದರೂ ಕದ್ದು ಬಿಸ್ಕತ್ ತಿನ್ನುವುದು ನಿಲ್ಲಲಿಲ್ಲ. ಕ್ಲಿನಿಕ್ಕಿನಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ. 1961ರಲ್ಲಿ ದಪ್ಪ ಇದ್ದ ಆರು ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಹೇಳಿಕೊಂಡರು. ಅವರೂ ತಮ್ಮದು ಹೇಳಿಕೊಂಡರು. ಶುರುವಾಗಿದ್ದು ಅಷ್ಟರಿಂದ.

ಅಕ್ಕನೂ ಇದನ್ನೇ ಹೇಳುತ್ತಾಳೆ. "ಪಾಯಿಂಟ್ ಮರೆತ್ರೂ ಶನಿವಾರದ ಮೀಟಿಂಗ್ ತಪ್ಪಿಸಿಲ್ಲ ನಾನು. ಅಲ್ಲಿ ಯಾರೂ ಬೈಯಲ್ಲ ಕಣೇ." ನನಗೂ ಐದನೇ ತಿಂಗಳಲ್ಲಿ ತೂಕ ಇಳಿಯದೆ ನಿಂತಾಗ ಪುಸ್ತಕದ ಸಂಖ್ಯೆಗಳು ಏನೂ ಸಹಾಯ ಮಾಡಲಿಲ್ಲ. ಎದುರುಮನೆಯವರನ್ನು, ಪಾರ್ಕಿನಲ್ಲಿ ಜೊತೆಗೆ ನಡೆಯುವ ಇಬ್ಬರನ್ನು ಗುರುವಾರ ಸಂಜೆ ಮನೆಗೆ ಕರೆದೆ. ತೂಕ ನೋಡಿಕೊಳ್ಳುತ್ತೇವೆ, ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತೇವೆ, ಆ ವಾರ ಏನಾಯಿತು ಅಂತ ಹೇಳಿಕೊಳ್ಳುತ್ತೇವೆ. ಎದುರುಮನೆಯವರು ಮೊದಲ ದಿನವೇ ಕಣ್ಣಲ್ಲಿ ನೀರು ತಂದುಕೊಂಡರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದರಂತೆ, ಎಷ್ಟೋ ವರ್ಷದಿಂದ. ಯಾರ ಹತ್ತಿರವೂ ಹೇಳಿರಲಿಲ್ಲ.

ಈ ವಾರ ಇನ್ನೂ ಮೂವರು ಬರ್ತೀವಿ ಅಂದಿದ್ದಾರೆ. ತೂಕದ ಮೆಷಿನ್ನಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.