ಸಂದರ್ಶಕರಿಗೆ ಬರೆಯುವ ಕೃತಜ್ಞತಾ ಪತ್ರ: ಮೊದಲ ಸಾಲಿನ ಮರ್ಯಾದೆ

ಅಮೆರಿಕದಲ್ಲಿ ಕೆಲಸದ ಸಂದರ್ಶನ ಮುಗಿಸಿದವರು 24 ಗಂಟೆಯೊಳಗೆ ಸಂದರ್ಶಕರಿಗೆ ಒಂದು ಪುಟ್ಟ ಕೃತಜ್ಞತಾ ಪತ್ರ ಕಳುಹಿಸುವುದು ವಾಡಿಕೆ. ಹಿಂದೆ ಅದು ಕೈಬರಹದ ಕಾರ್ಡಾಗಿ ಅಂಚೆಯಲ್ಲಿ ಹೋಗುತ್ತಿತ್ತು. ಈಗ ಬಹುಪಾಲು ಇಮೇಲ್. ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ನೆಲೆಸಿ, ಪ್ರಯೋಗಾಲಯದ ಹುದ್ದೆಗಳಿಗೆ ಆಗಾಗ ಸಂದರ್ಶಕನಾಗಿ ಕೂರುವ ನನಗೆ ಇಂಥ ಪತ್ರಗಳು ಬರುತ್ತಿರುತ್ತವೆ. ನಮ್ಮ ಕಡೆಯ ಹುಡುಗ ಹುಡುಗಿಯರ ಪತ್ರಗಳಲ್ಲಿ ವಿಷಯವೂ ಭಾಷೆಯೂ ಚೆನ್ನಾಗಿಯೇ ಇರುತ್ತವೆ. ಎಡವುವುದು ಸಂಬೋಧನೆಯಲ್ಲಿ, ಅದೂ ಗೌರವ ಹೆಚ್ಚಾಗಿ.

ಇದಕ್ಕೆ ಕಾರಣ ನಾವು ಬೆಳೆದ ಬಗೆಯಲ್ಲಿದೆ. ಕರ್ನಾಟಕದಲ್ಲಿ ಸಂದರ್ಶನದ ನಂತರ ಸಂದರ್ಶಕರಿಗೆ ಪತ್ರ ಬರೆಯುವ ರೂಢಿ ಇಲ್ಲ. ಸರ್ಕಾರಿ ಹುದ್ದೆಯಾದರೆ ಬರೆಯಲೂಬಾರದು. ಯಾವುದೇ ಬಗೆಯಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದು ಎಂಬ ಷರತ್ತನ್ನು ನೇಮಕಾತಿ ಅಧಿಸೂಚನೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ವಶೀಲಿಯ ಕಾಟ ಬಲ್ಲ ಸಮಾಜಕ್ಕೆ ಆ ಷರತ್ತು ಬೇಕೇ ಬೇಕು. ಇನ್ನು ನಮಗೆ ಶಾಲೆಯಲ್ಲಿ ಕಲಿಸಿದ ಪತ್ರದ ಮಾದರಿಯಲ್ಲಿ 'ಇಂದ', 'ಇವರಿಗೆ' ಎಂದು ಬರೆದು, 'ಮುಖ್ಯೋಪಾಧ್ಯಾಯರು' ಅಥವಾ 'ವ್ಯವಸ್ಥಾಪಕರು' ಎಂದು ಹುದ್ದೆ ನಮೂದಿಸಿ, 'ಮಾನ್ಯರೇ' ಎಂದು ಶುರು ಮಾಡುತ್ತೇವೆ. ವ್ಯಕ್ತಿಯ ಹೆಸರು ಅಲ್ಲಿ ಬರುವುದೇ ಇಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂದು ಮನೆಯಲ್ಲಿ ಕಲಿತವರಿಗೆ ಅದು ಸಹಜವಾಗಿಯೂ ಕಾಣುತ್ತದೆ.

ಕನ್ನಡದಲ್ಲಿ ಹೆಸರಿಲ್ಲದೆಯೂ ಗೌರವಕ್ಕೆ ಕೊರತೆಯಾಗುವುದಿಲ್ಲ. ನೀವು, ತಾವು, ತಿಳಿಸಿದಿರಿ, ದಯಮಾಡಿಸಿದಿರಿ ಎಂದು ಸರ್ವನಾಮವೂ ಕ್ರಿಯಾಪದವೂ ಮರ್ಯಾದೆಯನ್ನು ಹೊತ್ತು ಸಾಗುತ್ತವೆ. ಇಂಗ್ಲಿಷಿನಲ್ಲಿ ಈ ಅನುಕೂಲವಿಲ್ಲ. ಮಾಲೀಕನಿಗೂ ಮಗುವಿಗೂ ಒಂದೇ ಸರ್ವನಾಮವಿರುವ ಭಾಷೆಯಲ್ಲಿ, ಪತ್ರದ ಉಳಿದ ಭಾಗ ಎಷ್ಟೇ ವಿನಯದಿಂದ ಕೂಡಿದ್ದರೂ, 'ನಾನು ಬರೆಯುತ್ತಿರುವುದು ನಿಮಗೇ' ಎಂದು ತೋರಿಸಲು ಸಿಗುವ ಮುಖ್ಯ ಜಾಗ ಆ ಮೊದಲ ಸಾಲು. ಆದ್ದರಿಂದ ಹೆಸರನ್ನು ಸರಿಯಾಗಿ ಕೇಳಿಸಿಕೊಂಡು, ಸರಿಯಾದ ಕಾಗುಣಿತದಲ್ಲಿ, ಅವರು ಬಯಸುವ ರೂಪದಲ್ಲಿ ಬರೆಯುವುದೇ ಇಲ್ಲಿನ ಮರ್ಯಾದೆ ಎಂಬುದು ನನ್ನ ಅಭಿಪ್ರಾಯ.

ಇತ್ತೀಚೆಗೆ ಬಂದ ಒಂದು ಪತ್ರ 'ರೆಸ್ಪೆಕ್ಟೆಡ್ ಸರ್ಸ್' ಎಂದು ಆರಂಭವಾಗಿತ್ತು. ಬರೆದವನು ಹಳೇ ಮೈಸೂರು ಕಡೆಯ ಹುಡುಗ. ಸಂದರ್ಶನದಲ್ಲಿ ಎಲ್ಲರಿಗೂ ಮೆಚ್ಚುಗೆಯಾಗಿದ್ದ. ನಾಲ್ವರು ಸಂದರ್ಶಕರಲ್ಲಿ ಇಬ್ಬರು ಮಹಿಳೆಯರು, ಅವರಲ್ಲೊಬ್ಬರು ವಿಭಾಗದ ಮುಖ್ಯಸ್ಥೆ. ಮಾದರಿ ಸಂಗ್ರಹಣೆಯ ಬಗ್ಗೆ ಆಕೆ ಕೇಳಿದ ಪ್ರಶ್ನೆಯನ್ನು ಎರಡನೇ ಪ್ಯಾರಾದಲ್ಲಿ ನೆನಪಿಸಿಕೊಂಡು, ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಆತ ಅಚ್ಚುಕಟ್ಟಾಗಿ ಪೂರ್ತಿಗೊಳಿಸಿದ್ದ. ಅಷ್ಟು ಒಳ್ಳೆಯ ಪ್ಯಾರಾ ಯಾರಿಗೆ ಸಲ್ಲಬೇಕಿತ್ತೋ ಅವರನ್ನೇ ಮೊದಲ ಸಾಲು ಹೊರಗಿಟ್ಟಿತ್ತು. ಆಕೆ ಬೇಸರಿಸಲಿಲ್ಲ, ಹುಡುಗನಿಗೆ ಕೆಲಸವೂ ಸಿಕ್ಕಿತು. ಆದರೆ ನನಗೆ ಸಂಕಟವಾಯಿತು, ಏಕೆಂದರೆ ಆ ಹುಡುಗನ ಮನಸ್ಸಿನಲ್ಲಿ ಇದ್ದದ್ದು ಬರೀ ಭಕ್ತಿ ಎಂದು ಅಲ್ಲಿ ಬಲ್ಲವನು ನಾನೊಬ್ಬನೇ.

ನಿಯಮ ಸರಳವಾಗಿದೆ. ಎದುರಿನವರು ಬೇರೆ ಸೂಚನೆ ಕೊಡದಿದ್ದರೆ 'ಡಿಯರ್' ಎಂದು ಬರೆದು, ಮಿಸ್ಟರ್ ಅಥವಾ ಮಿಜ್ ಸೇರಿಸಿ, ಕೊನೆಯ ಹೆಸರನ್ನಷ್ಟೇ ಬರೆಯಬೇಕು. ಮಿಸ್ಟರ್ ಎಂದ ಮೇಲೆ ಪೂರ್ತಿ ಹೆಸರು ಬರೆದರೆ ಯಾವುದೋ ಪಟ್ಟಿಯಿಂದ ತೆಗೆದು ಅಂಟಿಸಿದ ಹಾಗೆ ಕಾಣುತ್ತದೆ. ಮಹಿಳೆಯರಿಗೆ ಮಿಸ್, ಮಿಸೆಸ್ ಎರಡೂ ಬೇಡ. ಮದುವೆಯ ಸುಳಿವು ಕೊಡದ 'ಮಿಜ್' ರೂಪವನ್ನು ಅಮೆರಿಕದ ಸರ್ಕಾರಿ ಮುದ್ರಣಾಲಯ 1972ರಲ್ಲೇ ಒಪ್ಪಿತ್ತು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1986ರಲ್ಲಿ ಒಪ್ಪಿತು. ಕುಂಕುಮ, ತಾಳಿ ನೋಡಿ ಶ್ರೀಮತಿ, ಕುಮಾರಿ ಎಂದು ನಿರ್ಧರಿಸುವ ಅಭ್ಯಾಸವಿರುವ ನಾವು ಇದನ್ನು ಕಲಿಯಲೇಬೇಕು. ಹೆಸರು ನೋಡಿ ಗಂಡೋ ಹೆಣ್ಣೋ ತಿಳಿಯದಿದ್ದರೆ ಪೂರ್ಣ ಹೆಸರನ್ನು ಯಾವ ಪದವಿಯೂ ಇಲ್ಲದೆ ಬರೆಯಬಹುದು. ಪಿಎಚ್.ಡಿ. ಪಡೆದವರಿಗೆ, ವೈದ್ಯರಿಗೆ ಡಾಕ್ಟರ್. ಆದರೆ ಬ್ರಿಟನ್ನಿನಲ್ಲಿ ಶಸ್ತ್ರವೈದ್ಯರನ್ನು ಮಿಸ್ಟರ್ ಎಂದೇ ಕರೆಯುವ ಸಂಪ್ರದಾಯವಿದೆ.

ನಮ್ಮವರಿಗೆ ನಿಜವಾಗಿ ಕಷ್ಟವಾಗುವುದು ಮೊದಲ ಹೆಸರಿನ ವಿಷಯ. ಸಂದರ್ಶನದ ಆರಂಭದಲ್ಲೇ ಅರವತ್ತರ ಹರೆಯದ ನಿರ್ದೇಶಕಿಯೊಬ್ಬರು 'ನನ್ನನ್ನು ಲಿಂಡಾ ಎಂದು ಕರೆಯಿರಿ' ಎನ್ನುತ್ತಾರೆ. ಅಷ್ಟಾದರೂ ನಮ್ಮ ಅಭ್ಯರ್ಥಿ ಪತ್ರದಲ್ಲಿ 'ಮೇಡಂ' ಎಂದೇ ಬರೆಯುತ್ತಾನೆ. ನಾಲಿಗೆ ಏಳುವುದಿಲ್ಲ, ಬೆರಳು ಓಡುವುದಿಲ್ಲ. ಆ ಮುಜುಗರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ: ಒಬ್ಬರು ತಮ್ಮ ಹೆಸರನ್ನು ಹೇಳಿ ಹೀಗೆ ಕರೆಯಿರಿ ಎಂದ ಮೇಲೆ ಹಾಗೆ ಕರೆಯದಿರುವುದು ವಿನಯವೆನಿಸುವುದಿಲ್ಲ, ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎನಿಸುತ್ತದೆ. ಬಾಯಿಮಾತಿನಲ್ಲಿ ಹೇಳದಿದ್ದರೂ, ಅವರು ಬರೆದ ಇಮೇಲ್‌ನ ಕೊನೆಯಲ್ಲಿ ಬರೀ ಮೊದಲ ಹೆಸರಿನ ಸಹಿ ಇದ್ದರೆ ಅದೂ ಅನುಮತಿಯೇ. ಇವೆರಡೂ ಇಲ್ಲದೆ, ಅಮೆರಿಕವೆಂದರೆ ಎಲ್ಲರೂ ಎಲ್ಲರನ್ನೂ ಹೆಸರಿನಿಂದ ಕರೆಯುವ ದೇಶ ಎಂದುಕೊಂಡು 'ಹಾಯ್ ಬಾಬ್' ಎಂದು ಬರೆಯುವುದು ಮಾತ್ರ ಸಲುಗೆಯ ಅತಿರೇಕ. ಇಂಥ ಪತ್ರಗಳೂ ಬರುತ್ತವೆ, ಇವು ಇನ್ನೂ ಹೆಚ್ಚು ಕೆಡುಕೆನಿಸುತ್ತವೆ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ತಂಗಿಗೆ ಈ ಗೊಂದಲ ಅಷ್ಟಿಲ್ಲ. ಅಲ್ಲಿನ ಭಾಷೆಯಲ್ಲಿ ನಮ್ಮ ನೀನು, ನೀವುಗಳಂತೆ 'ಡು', 'ಜೀ' ಎಂಬ ಭೇದವಿದೆ. ಔಪಚಾರಿಕ ಪತ್ರ ಪೂರ್ತಿ 'ಜೀ'ಯಲ್ಲೇ ನಡೆಯುತ್ತದೆ. ಹೆಸರಿಗೆ ಮೊದಲು ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರೌ ಎಂದು ಬರೆಯಬೇಕು, ಅದಾದ ಮೇಲೆ ಬರುವ ಡಾಕ್ಟರ್ ಇದ್ದರೆ ಅದನ್ನೂ ಬಿಡುವಂತಿಲ್ಲ. ಅವಿವಾಹಿತೆಯರಿಗಿದ್ದ 'ಫ್ರೋಯ್ಲೈನ್' ಎಂಬ ರೂಪವನ್ನು ಪಶ್ಚಿಮ ಜರ್ಮನಿಯ ಗೃಹ ಸಚಿವಾಲಯ 1972ರಲ್ಲಿ ಸರ್ಕಾರಿ ಬಳಕೆಯಿಂದ ಕೈಬಿಟ್ಟಿತು. ಕನ್ನಡದವರಿಗೆ ಜರ್ಮನ್ ಪತ್ರದ ಗತ್ತು ಅಮೆರಿಕದ ಪತ್ರಕ್ಕಿಂತ ಬೇಗ ಒಗ್ಗುತ್ತದೆ ಎಂದು ಅವಳು ಹೇಳುವುದು ನನಗೆ ಸರಿಯೆನಿಸುತ್ತದೆ.

ಸಂದರ್ಶಕರು ಹಲವರಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಬೇಕು, ಪ್ರತಿಯೊಬ್ಬರೂ ಕೇಳಿದ ಒಂದು ಮಾತು ಅದರಲ್ಲಿ ಬರಬೇಕು. ಹೆಸರಿನ ಕಾಗುಣಿತ ಖಚಿತವಿಲ್ಲದಿದ್ದರೆ ಸಂದರ್ಶನ ಏರ್ಪಡಿಸಿದವರನ್ನು ಕೇಳಲು ಸಂಕೋಚ ಬೇಡ.

ಸಂದರ್ಶಕರೂ ಕನ್ನಡಿಗರೇ ಆಗಿಬಿಟ್ಟರೆ ಏನು ಮಾಡಬೇಕೆಂದು ಹುಡುಗರು ಕೇಳುವುದುಂಟು. ನಮ್ಮ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡಾಗ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಿನ ಸ್ಥಾನಕ್ಕೆ ಬಂದು ಕೂತಿರುತ್ತದೆ. ಅದಕ್ಕೆ ಮಿಸ್ಟರ್ ಸೇರಿಸಿದರೆ ಅವರ ತಂದೆಯನ್ನೋ ಊರನ್ನೋ ಕರೆದಂತಾಗುತ್ತದೆ. ಆದ್ದರಿಂದ ಅಂಥವರು ಸಂದರ್ಶನದಲ್ಲಿ ತಮ್ಮನ್ನು ಹೇಗೆ ಪರಿಚಯಿಸಿಕೊಂಡರೋ ಅದನ್ನೇ ಬರೆಯುವುದು ಕ್ಷೇಮ. ಪತ್ರ ಇಂಗ್ಲಿಷಿನಲ್ಲೇ ಇರಲಿ, 'ನಮಸ್ಕಾರ ಸರ್' ಎಂಬ ಆರಂಭವಾಗಲಿ ಊರಿನ ಪ್ರಸ್ತಾಪವಾಗಲಿ ಬೇಡ. ಆ ಪತ್ರ ಉಳಿದ ಸಂದರ್ಶಕರ ಕೈಗೂ ಹೋಗಬಹುದು. ತಮ್ಮವನೆಂದು ಒಲವು ತೋರಿದರೆಂಬ ಮಾತು ಬಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಆ ಕನ್ನಡಿಗರೇ. ಕನ್ನಡದಲ್ಲಿ ಮಾತಾಡುವುದು ಕೆಲಸದ ತೀರ್ಮಾನವಾದ ಮೇಲೆ ಇದ್ದೇ ಇದೆ.