ಬೂಮರ್ ಒಬ್ಬನೇ ನುಗ್ಗಿದರೆ ಸಾಲದು

‘ಲೆಫ್ಟ್ 4 ಡೆಡ್ 2’ ವಿಡಿಯೋ ಗೇಮ್‌ನ ವರ್ಸಸ್ ಆಟದಲ್ಲಿ ನಾಲ್ವರು ಬದುಕುಳಿದ ಮನುಷ್ಯರಾಗುತ್ತಾರೆ, ಎದುರು ತಂಡದ ನಾಲ್ವರು ಬೂಮರ್, ಹಂಟರ್‌ನಂಥ ವಿಶೇಷ ಜೊಂಬಿಗಳಾಗಿ ಅವರ ಮೇಲೆ ಬೀಳುತ್ತಾರೆ. ವಾಂತಿ ಮಾಡಿ ಜೊಂಬಿ ಹಿಂಡನ್ನು ಮನುಷ್ಯರ ಮೇಲೆ ಎಳೆದುತರುವ ಬೂಮರ್ ಮೊದಲು ನುಗ್ಗಲಿ ಎನ್ನುತ್ತದೆ ನಾನು ಓದಿದ ಲೇಖನವೊಂದು. ಸರಿ, ಆದರೆ ಉಳಿದ ಮೂವರು ಅಷ್ಟರಲ್ಲಿ ಜಾಗ ಹಿಡಿದಿರಬೇಕಲ್ಲ! ಹಾಸನದ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬ ಮಹಾಶಯನಿದ್ದಾನೆ. ಮೈಮೇಲೆ ಹಾರಿ ಕೆಡಹುವ ಹಂಟರ್‌ನ ಪಾತ್ರ ಸಿಕ್ಕಿದರೆ ಯಾರಿಗೂ ಕಾಯದೆ ಹಾರುತ್ತಾನೆ. ಪಕ್ಕದವರು ಒಮ್ಮೆ ತಳ್ಳಿದರೆ ಅವನ ಕಥೆ ಮುಗಿಯಿತು.

ಸ್ಮೋಕರ್ ಎತ್ತರದಲ್ಲಿ ಕುಳಿತು ಎದುರಾಳಿಗಳಲ್ಲಿ ಕೊನೆಯವನನ್ನು ನಾಲಿಗೆಯಿಂದ ಹಿಂದಕ್ಕೆಳೆಯಲಿ. ಬಿಡಿಸಲು ಉಳಿದವರು ತಿರುಗಿ ಬರುತ್ತಾರಲ್ಲ, ಬೂಮರ್ ವಾಂತಿ ಮಾಡಬೇಕಾದದ್ದು ಆಗ. ಸ್ಪಿಟರ್‌ನ ಆಮ್ಲವನ್ನು ಓಡುವವರ ಕಾಲಡಿಗೆ ಉಗುಳಿ ಪ್ರಯೋಜನವಿಲ್ಲ, ಸರಿದುಬಿಡುತ್ತಾರೆ. ಚಾರ್ಜರ್ ಒಬ್ಬನನ್ನು ನೆಲಕ್ಕೆ ಕುಟ್ಟುತ್ತಿರುವಾಗ ಅಲ್ಲೇ ಉಗುಳಬೇಕು: ಸಿಕ್ಕಿಬಿದ್ದವನು ಅಲುಗಾಡಲಾರ, ಇದ್ದಷ್ಟು ಹೊತ್ತೂ ಪೆಟ್ಟು ಏರುತ್ತದೆ. ದೈತ್ಯ ಜೊಂಬಿ ಟ್ಯಾಂಕ್‌ನ ಪಾತ್ರ ಸಿಕ್ಕಾಗ ಮಾತ್ರ ಮರೆಯಲ್ಲಿ ಕಾಯುತ್ತ ಕೂರಬೇಡಿ, ಅದು ನಿಮ್ಮ ಕೈತಪ್ಪಿ ಬೇರೆಯವರ ಪಾಲಾಗುತ್ತದೆ.