ಬಯೋಡೇಟಾಕ್ಕೆ 30, ಸಿವಿಗೆ 100

ನಮ್ಮೂರ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ದರಪಟ್ಟಿ ತೂಗುತ್ತಿದೆ. ಬಯೋಡೇಟಾಕ್ಕೆ 30 ರೂಪಾಯಿ, ರೆಸ್ಯೂಮೆಗೆ 50, ಸಿವಿಗೆ 100. ಕೆಲಸ ಬದಲಿಸಲು ಹೊರಟಿದ್ದ ತಂಗಿಯ ಮಗನ ಜೊತೆ ಹೋಗಿದ್ದ ನಾನು, ಇವುಗಳ ವ್ಯತ್ಯಾಸವೇನೆಂದು ಕೇಳಿದೆ. ಅಂಗಡಿಯಾತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ: "ಬಯೋಡೇಟಾದಲ್ಲಿ ಅಪ್ಪನ ಹೆಸರು ಇರುತ್ತದೆ ಸಾರ್. ರೆಸ್ಯೂಮೆಯಲ್ಲಿ ಅದನ್ನು ತೆಗೆದು ನೀಲಿ ಗೆರೆ ಹಾಕುತ್ತೇನೆ. ಸಿವಿ ಬೆಂಗಳೂರಿನವರಿಗೆ."

ನಗಬೇಡಿ. ಇಷ್ಟು ಖಚಿತವಾದ ವಿಂಗಡಣೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ರೆಸ್ಯೂಮೆ ಫ್ರೆಂಚರ ಮನೆಯ ಹೆಣ್ಣು. ಸಾರಾಂಶ ಎಂದು ಅರ್ಥ. ಅಮೆರಿಕಕ್ಕೆ ಮದುವೆಯಾಗಿ ಹೋಗಿ ಉದ್ಯೋಗದ ಅರ್ಜಿಗೆ ಯಜಮಾನಿಯಾದಳು. ತವರಿಗೆ ಬಂದು ಬಾಗಿಲು ತಟ್ಟಿದರೆ ಅಲ್ಲಿ ಅವಳ ಗುರುತೇ ಸಿಗುವುದಿಲ್ಲ, ಏಕೆಂದರೆ ಫ್ರಾನ್ಸಿನಲ್ಲಿ ಕೆಲಸ ಕೇಳುವವರು ಕೊಡುವುದು ಸಿವಿಯನ್ನು. ಸಿವಿ ಎಂದರೆ ಕರಿಕ್ಯುಲಮ್ ವೀಟೆ. ಅದು ಲ್ಯಾಟಿನ್ ಮೂಲದ್ದು, ಬದುಕಿನ ಓಟ ಎಂದರ್ಥ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಈ ಓಟ ಎರಡು ಪುಟಗಳಲ್ಲಿ ಮುಗಿಯಬೇಕು. ಅಮೆರಿಕದಲ್ಲಿ ಸಿವಿ ಎಂದರೆ ಪ್ರಾಧ್ಯಾಪಕರ ಸೊತ್ತು. ಯಾವ ಕಾಲದಲ್ಲಿ ಯಾವ ಸಮ್ಮೇಳನದಲ್ಲಿ ಮಾತನಾಡಿದ್ದರೆಂಬುದೂ ಸೇರಿ ಅದು ಹನುಮಂತನ ಬಾಲವಾಗುತ್ತದೆ. ಆಸ್ಟ್ರೇಲಿಯಾದವರು ಜಾಣರು, ಎರಡನ್ನೂ ಒಂದೇ ಎಂದುಕೊಂಡು ತಣ್ಣಗಿದ್ದಾರೆ.

ಫೋಟೋದ ರಗಳೆ ಬೇರೆ. ಅಮೆರಿಕದಲ್ಲಿ 1964 ಮತ್ತು 1967ರ ತಾರತಮ್ಯ ವಿರೋಧಿ ಕಾನೂನುಗಳು ಬಂದ ಮೇಲೆ ಅರ್ಜಿಯಲ್ಲಿ ಮುಖವನ್ನೋ ವಯಸ್ಸನ್ನೋ ಕಂಡರೆ ನೇಮಕದವರು ಹಾವು ಕಂಡಂತೆ ಹೆದರುತ್ತಾರೆ. ಜರ್ಮನಿಯಲ್ಲಿ 2006ರಲ್ಲಿ ಸಮಾನತೆಯ ಕಾನೂನು ಬಂದರೂ ಬಹಳ ಮಂದಿ ಇಂದಿಗೂ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೇ ಅರ್ಜಿ ಹಾಕುತ್ತಾರೆ.

ಇವರೆಲ್ಲ ನಮ್ಮ ಬಯೋಡೇಟಾದ ಮುಂದೆ ಎಳಸು. ಅಪ್ಪನ ಹೆಸರು, ಮಾತೃಭಾಷೆ, ಧರ್ಮ, ಮದುವೆಯಾಗಿದೆಯೇ ಇಲ್ಲವೇ, ಕಾಯಂ ವಿಳಾಸ, ಹವ್ಯಾಸದಲ್ಲಿ ತಪ್ಪದೆ ಕ್ರಿಕೆಟ್. ಕೊನೆಯಲ್ಲಿ ಸ್ಥಳ, ದಿನಾಂಕ, ಸಹಿಯ ಮೇಲೆ ಒಂದು ಘೋಷಣೆ: ಈ ಮೇಲಿನ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ. ಸ್ವಂತ ಹೆಸರು, ಹುಟ್ಟಿದ ದಿನ, ಕ್ರಿಕೆಟ್ಟಿನ ಹುಚ್ಚು, ಎಲ್ಲವೂ ತಿಳಿದ ಮಟ್ಟಿಗೆ! ಉಪನಿಷತ್ತಿನ ಋಷಿಗಳ ನಂತರ 'ನಾನು ಯಾರು' ಎಂಬ ಬಗ್ಗೆ ಇಷ್ಟು ವಿನಯ ತೋರಿಸಿದವರು ನಮ್ಮ ಉದ್ಯೋಗಾಕಾಂಕ್ಷಿಗಳೇ ಇರಬೇಕು.

ಈ ಕಾಗದ ಗಡಿ ದಾಟಿತೋ, ಕೆಟ್ಟಿತು. ವಿದೇಶದವರೆಗೂ ಹೋಗಬೇಕಾಗಿಲ್ಲ. ನಮ್ಮ ಹುಡುಗ ಹೆಮ್ಮೆಯಿಂದ 'ಪಿಯುಸಿ, ಪ್ರಥಮ ದರ್ಜೆ' ಎಂದು ಬರೆದಿದ್ದ. ದೆಹಲಿಯಲ್ಲಿ ಪಿಯುಸಿ ಎಂದರೆ ವಾಹನದ ಹೊಗೆ ಪರೀಕ್ಷೆಯ ಪ್ರಮಾಣಪತ್ರ. ಅಲ್ಲಿನವರು ಓದಿದರೆ, ಹುಡುಗ ಹೆಚ್ಚು ಹೊಗೆ ಬಿಡುವುದಿಲ್ಲವೆಂದು ಸಮಾಧಾನಪಟ್ಟಾರು. '2019ರಲ್ಲಿ ಪಾಸ್ಡ್ ಔಟ್' ಎಂದೂ ಇತ್ತು. ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಅದಕ್ಕೆ ಪ್ರಜ್ಞೆ ತಪ್ಪಿ ಬಿದ್ದ ಎಂದೇ ಮೊದಲ ಅರ್ಥ. ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರಿನಲ್ಲಿ ಅವನನ್ನು ಕಂಡವನು ನಾನು, ಪೂರ್ತಿ ಸುಳ್ಳೆನ್ನಲಾರೆ.

ಅದೇ ದಿನ ತಂಗಿ ಮತ್ತೊಂದು ಕೆಲಸವನ್ನೂ ಹೇಳಿ ಕಳಿಸಿದ್ದಳು. ಹೆಣ್ಣಿನ ಕಡೆಯವರಿಗೆ ಕೊಡಲು ಇನ್ನೊಂದು ಬಯೋಡೇಟಾ ಬೇಕಿತ್ತು. ಅಂಗಡಿಯಾತನಿಗೆ ಏನು ಕಷ್ಟ? ಜಾವಾ, ಪೈಥಾನ್ ಅಳಿಸಿ ಗೋತ್ರ, ನಕ್ಷತ್ರ, ಎತ್ತರ ತುಂಬಿದ. ಎರಡೂ ಫೈಲುಗಳಿಗೆ ಹುಡುಗನ ಹೆಸರನ್ನೇ ಇಟ್ಟ, ಎರಡನ್ನೂ ಅವನೇ ಮೇಲ್ ಮಾಡಿದ. ಅದಲುಬದಲಾಗಿದ್ದು ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ.

ಉತ್ತರಾಭಾದ್ರ ನಕ್ಷತ್ರ, ಮೀನ ರಾಶಿ, ಐದಡಿ ಎಂಟಂಗುಲ ಎಂಬ ಅರ್ಹತೆಗಳನ್ನು ನೋಡಿ ಕಂಪನಿಯವರು ಸಂದರ್ಶನಕ್ಕೆ ಕರೆದಿದ್ದಾರೆ. ಹೆಣ್ಣಿನ ತಂದೆ ಫೋನ್ ಮಾಡಿ, ಮಾತು ಮುಂದುವರಿಸುವ ಮೊದಲು ಹುಡುಗನ ನೋಟಿಸ್ ಪೀರಿಯಡ್ ಎಷ್ಟು ದಿನವೆಂದು ವಿಚಾರಿಸಿದರು.